ಕರುಣೆ ಬೇಡ, ಲೆಕ್ಕ ಬೇಕು

ಕೂಲಿಯಲ್ಲಿ ಮುರಿದುಕೊಂಡ ಕಾಸು, ಬೆನ್ನು ನೆಟ್ಟಗೆ ಮಾಡಲಾಗದ ಚಾವಣಿ, ಮ್ಯಾನ್‌ಹೋಲಿನಿಂದ ಮೇಲೆ ಬರುವ ಜಿರಲೆ. ಏಷ್ಯಾದ ಸ್ವತಂತ್ರ ಸಿನಿಮಾಗಳು ಅನ್ಯಾಯವನ್ನು ಅಳೆದು ತೋರಿಸುತ್ತ ಬಂದಿವೆ. ಅವುಗಳಿಗೆ ದುಡ್ಡು ಹಾಕಿದವರು ಯಾರು, ಅವು ನೋಡಲು ಸಿಕ್ಕಿದ್ದು ಯಾರಿಗೆ ಎಂಬ ಕಥೆಯೂ ಪರದೆಯ ಮೇಲಿನ ಕಥೆಯಷ್ಟೇ ದೊಡ್ಡದು.

ಮುಂಬೈಯ ಕೆಳಕೋರ್ಟೊಂದರ ಕಟಕಟೆಯಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಮ್ಯಾನ್‌ಹೋಲಿಗೆ ಇಳಿದ ಅವಳ ಗಂಡ ಹೆಣವಾಗಿ ಮೇಲೆ ಬಂದಿದ್ದಾನೆ. ವಯಸ್ಸಾದ ಲೋಕಶಾಹಿರ, ಅಂದರೆ ಜನಪದ ಹಾಡುಗಾರನೊಬ್ಬನ ಹಾಡು ಕೇಳಿ ಅವನು ಆತ್ಮಹತ್ಯೆ ಮಾಡಿಕೊಂಡ ಎಂಬುದು ಪೊಲೀಸರು ಹಾಕಿದ ಕೇಸು. ಕೆಲಸಕ್ಕೆ ಇಳಿಯುವಾಗ ರಕ್ಷಣೆಯ ಸಾಮಾನು ಏನಾದರೂ ಕೊಡುತ್ತಿದ್ದರೇ ಎಂದು ವಕೀಲರು ಕೇಳುತ್ತಾರೆ. ಇಲ್ಲ. ಒಳಗೆ ವಿಷಗಾಳಿ ಇದೆಯೋ ಇಲ್ಲವೋ ಗೊತ್ತಾಗುತ್ತಿದ್ದುದು ಹೇಗೆ? ಒಂದು ಕಲ್ಲು ಹಾಕಿ ನೋಡುತ್ತಿದ್ದ. ಜಿರಲೆ ಮೇಲೆ ಬಂದರೆ ಒಳಗೆ ಉಸಿರಾಡಬಹುದು ಅಂತ ಇಳಿಯುತ್ತಿದ್ದ. ಕುಡಿಯುತ್ತಿದ್ದನೇ? ಹೌದು, ಆ ನಾತ ತಡೆದುಕೊಳ್ಳಬೇಕಲ್ಲ. ಒಂದು ಕಣ್ಣು? ಗ್ಯಾಸಿಗೆ ಹೋಯಿತು. ಅವಳು ಅಳುವುದಿಲ್ಲ, ದನಿ ಏರಿಸುವುದಿಲ್ಲ. ನ್ಯಾಯಾಧೀಶರು ಅವಳ ಮಾತನ್ನು ಕೋರ್ಟಿನ ಭಾಷೆಗೆ ತಿರುಗಿಸಿ ಟೈಪಿಸ್ಟಿಗೆ ಹೇಳಿ ಬರೆಸುತ್ತಾರೆ. ವಿಚಾರಣೆ ಮುಗಿದ ಮೇಲೆ ಅವಳನ್ನು ಮನೆಗೆ ಬಿಡಲು ಹೋದ ವಕೀಲರು ಒಂದಿಷ್ಟು ದುಡ್ಡು ಕೊಡಲು ಹೋದರೆ ಅವಳು ಕೇಳುವುದು ದುಡ್ಡನ್ನಲ್ಲ, ಎಲ್ಲಾದರೂ ಒಂದು ಕೆಲಸವನ್ನು.

2014ರಲ್ಲಿ ಬಂದ ಚೈತನ್ಯ ತಾಮ್ಹಾಣೆಯವರ ‘ಕೋರ್ಟ್’ ಚಿತ್ರದ ಈ ದೃಶ್ಯದಲ್ಲಿ ಸಂಗೀತವಿಲ್ಲ, ಕಣ್ಣೀರಿನ ಕ್ಲೋಸಪ್ಪೂ ಇಲ್ಲ. ಕ್ಯಾಮೆರಾ ದೂರದಲ್ಲಿ, ಕೋರ್ಟಿನ ಬೆಂಚಿನ ಮೇಲೆ ಕೂತ ಸಾರ್ವಜನಿಕರೊಬ್ಬರಂತೆ ಸುಮ್ಮನೆ ನೋಡುತ್ತದೆ. ಆದರೂ ಆ ಜಿರಲೆಯ ಮಾತು ಕೇಳಿದವರು ಅದನ್ನು ಮರೆಯಲಾರರು. ಒಂದು ಮಹಾನಗರ ತನ್ನ ಕೊಳೆ ಬಳಿಯುವವನ ಜೀವಕ್ಕೆ ಕೊಟ್ಟ ಭದ್ರತೆ ಎಷ್ಟು ಎಂಬುದರ ಖಚಿತ ಲೆಕ್ಕ ಅದು.

ಏಷ್ಯಾದ ಬೇರೆ ಬೇರೆ ದೇಶಗಳ ಸ್ವತಂತ್ರ ಚಿತ್ರಗಳನ್ನು ನೋಡುತ್ತ ಹೋದಂತೆ ನನಗೆ ಮತ್ತೆ ಮತ್ತೆ ಎದುರಾಗಿದ್ದು ಈ ಲೆಕ್ಕವೇ. ಅಂಚಿಗೆ ತಳ್ಳಿದವರ ಬಗ್ಗೆ ಮಾಡಿದ ಸಿನಿಮಾ ಎಂದರೆ ಮನ ಕಲಕುವ ಸಿನಿಮಾ ಎಂದುಕೊಂಡು ಹೋಗುತ್ತೇವೆ. ಮನ ಕಲಕುವ ಕೆಲಸವನ್ನು ದೊಡ್ಡ ಬಜೆಟ್ಟಿನ ಚಿತ್ರಗಳೂ ಮಾಡುತ್ತವೆ, ಚೆನ್ನಾಗಿಯೇ ಮಾಡುತ್ತವೆ. ಕಷ್ಟವಾದದ್ದು, ಒಬ್ಬ ಮನುಷ್ಯನ ಪಾಲಿನದು ಎಲ್ಲಿ, ಯಾರ ಕೈಯಲ್ಲಿ, ಎಷ್ಟೆಷ್ಟು ಕಡಿಮೆಯಾಗುತ್ತ ಹೋಯಿತು ಎಂದು ತೋರಿಸುವುದು. ಕರುಣೆ ಹುಟ್ಟಿಸಿದ ಚಿತ್ರ ನೋಡಿ ನಾವು ಹಗುರಾಗಿ ಹೊರಗೆ ಬರುತ್ತೇವೆ. ಲೆಕ್ಕ ತೋರಿಸಿದ ಚಿತ್ರ ನೋಡಿದ ಮೇಲೆ ಆ ಲೆಕ್ಕದಲ್ಲಿ ನಮ್ಮ ಹೆಸರೂ ಇದೆಯೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಮನಿಲಾದ ಬಟವಾಡೆ

ಫಿಲಿಪ್ಪೀನ್ಸಿನ ಲಿನೊ ಬ್ರೊಕಾ 1975ರಲ್ಲಿ ತೆಗೆದ ‘ಮನಿಲಾ ಇನ್ ದ ಕ್ಲಾಸ್ ಆಫ್ ಲೈಟ್’ ಚಿತ್ರದ ನಾಯಕ ಹುಲಿಯೊ ಊರಿನಲ್ಲಿ ಮೀನು ಹಿಡಿಯುವವನು. ಕೆಲಸ ಕೊಡಿಸುತ್ತೇನೆಂದು ಯಾರೋ ನಗರಕ್ಕೆ ಕರೆತಂದ ತನ್ನ ಹುಡುಗಿ ಎಲ್ಲೋ ಕಾಣೆಯಾಗಿದ್ದಾಳೆ, ಅವಳನ್ನು ಹುಡುಕಿಕೊಂಡು ಬಂದಿದ್ದಾನೆ. ಹೊಟ್ಟೆಪಾಡಿಗೆ ಕಟ್ಟಡದ ಕೆಲಸಕ್ಕೆ ಸೇರುತ್ತಾನೆ. ಕೆಲಸ ಕೇಳಿಕೊಂಡು ಬಂದವನೇ ಹಸಿವಿಗೆ ತಲೆತಿರುಗಿ ಬೀಳುತ್ತಾನೆ.

ಬಟವಾಡೆಯ ದಿನದ ದೃಶ್ಯವನ್ನು ಗಮನಿಸಿ. ಕಾಗದದ ಮೇಲೆ ದಿನಗೂಲಿ ನಾಲ್ಕು ಪೆಸೊ. ಕೈಗೆ ಸಿಗುವುದು ಎರಡೂವರೆ. ಸಹಿ ಮಾತ್ರ ನಾಲ್ಕಕ್ಕೆ. ಅಷ್ಟಕ್ಕೇ ಮುಗಿಯುವುದಿಲ್ಲ. ಒಮ್ಮೊಮ್ಮೆ ಮೇಸ್ತ್ರಿ ಬಂದು ಈ ವಾರ ದುಡ್ಡು ಬಂದಿಲ್ಲ ಎನ್ನುತ್ತಾನೆ. ತೀರಾ ಬೇಕು ಎನ್ನುವವರಿಗೆ ತಾನೇ ಬೇರೆ ಕಡೆಯಿಂದ ಹೊಂದಿಸಿ ಕೊಡುತ್ತಾನಂತೆ, ಒಂದು ಪಾಲು ಮುರಿದುಕೊಂಡು. ಆ ‘ಬೇರೆ ಕಡೆ’ಯ ದುಡ್ಡು ಅವರದೇ ಕೂಲಿ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೈ ಚಾಚುತ್ತಾರೆ. ರಾತ್ರಿಯ ಊಟ ಶನಿವಾರದವರೆಗೆ ಕಾಯುವುದಿಲ್ಲ. ಈ ದೃಶ್ಯಕ್ಕೆ ಬ್ರೊಕಾ ತೆಗೆದುಕೊಂಡ ಸಮಯ ಬಹಳ ಕಡಿಮೆ. ಆದರೆ ಮುಂದೆ ಹುಲಿಯೊ ಏನೇನು ಮಾಡುತ್ತಾನೋ, ಎಲ್ಲಿಗೆ ಹೋಗಿ ಮುಟ್ಟುತ್ತಾನೋ ಅದಕ್ಕೆಲ್ಲ ಬೇರು ಇಲ್ಲಿಯೇ ಇದೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರಿನ ಕಟ್ಟಡಗಳಿಗೆ ಬಂದವರನ್ನು ಕೇಳಿ ನೋಡಿ. ಮುಂಗಡ ಕೊಟ್ಟು ಕರೆತಂದ ಮೇಸ್ತ್ರಿ, ಹಾಜರಿಯಲ್ಲಿ ಕಾಣೆಯಾದ ಅರ್ಧ ದಿನ, ಹಬ್ಬಕ್ಕೆ ಊರಿಗೆ ಹೊರಟಾಗ ಪೂರ್ತಿ ಚುಕ್ತಾ ಆಗದ ಕೂಲಿ: ಹುಲಿಯೊನ ಕಥೆಯನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಆಗ ಅಲ್ಲಿ ಫರ್ಡಿನಾಂಡ್ ಮಾರ್ಕೋಸರ ಸೇನಾಡಳಿತ. 1972ರಿಂದ ದೇಶದ ಬಾಯಿಗೆ ಬೀಗ. ರಾಷ್ಟ್ರಾಧ್ಯಕ್ಷರ ಪತ್ನಿ ಇಮೆಲ್ಡಾ ಅವರಿಗೆ ದೇಶ ಸುಂದರವಾಗಿ ಕಾಣಬೇಕು. ವಿದೇಶದ ಅತಿಥಿಗಳು ಬರುವಾಗ ಕೊಳೆಗೇರಿಗಳ ಮುಂದೆ ಬಿಳಿ ಬಣ್ಣ ಬಳಿದ ಬೇಲಿ ಏಳುತ್ತಿತ್ತು. (2020ರಲ್ಲಿ ಅಮೆರಿಕದ ಅಧ್ಯಕ್ಷರು ಬರುವ ಮುನ್ನ ಅಹಮದಾಬಾದಿನ ಒಂದು ಗುಡಿಸಲು ಪ್ರದೇಶದ ಮುಂದೆ ಗೋಡೆ ಎದ್ದದ್ದು ನೆನಪಿರಬೇಕು.) ಬೇಲಿಯ ಹಿಂದೆ ಹೋಗಿ ಬ್ರೊಕಾ 1976ರಲ್ಲಿ ‘ಇನ್ಸಿಯಾಂಗ್’ ತೆಗೆದರು. ಟೊಂಡೊ ಎಂಬ ಕೊಳೆಗೇರಿ, ತಾಯಿಯ ಪ್ರಿಯಕರನಿಂದಲೇ ಅತ್ಯಾಚಾರಕ್ಕೆ ಒಳಗಾದ ಮಗಳು, ಅವಳ ತಣ್ಣಗಿನ ಸೇಡು. ಚಿತ್ರ ಆರಂಭವಾಗುವುದು ಹಂದಿ ಕಡಿಯುವ ಕಸಾಯಿಖಾನೆಯಲ್ಲಿ. ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ (1978) ಮೊದಲ ಫಿಲಿಪ್ಪೀನ್ಸ್ ಚಿತ್ರ ಇದು. ಬ್ರೊಕಾ ಪ್ರಶಸ್ತಿಗಳ ಊರಲ್ಲಿ ಉಳಿದುಬಿಡಲಿಲ್ಲ. 1985ರಲ್ಲಿ ಜೀಪ್ನಿ ಎಂಬ ಸಾರಿಗೆ ವಾಹನಗಳ ಚಾಲಕರ ಮುಷ್ಕರದ ಜತೆ ನಿಂತು ಜೈಲಿಗೆ ಹೋದರು.

ಹೊಲಿಗೆ ಯಂತ್ರಗಳ ಅಟ್ಟ

ನನ್ನ ಮಟ್ಟಿಗೆ ಈ ಪರಂಪರೆಯ ಎದೆಯೊಳಗಿನ ಚಿತ್ರ ದಕ್ಷಿಣ ಕೊರಿಯಾದ್ದು. ಅದನ್ನು ಹೇಳಬೇಕಾದರೆ ಮೊದಲು ಚಿತ್ರದಾಚೆಯ ಒಬ್ಬ ಹುಡುಗನ ಬಗ್ಗೆ ಹೇಳಬೇಕು.

ಸೋಲ್ ನಗರದ ನಡುವೆ ಪ್ಯೊಂಗ್‌ಹ್ವಾ ಎಂಬ ಬಟ್ಟೆ ಮಾರುಕಟ್ಟೆ. ಕೆಳಗೆ ಅಂಗಡಿಗಳು, ಮೇಲೆ ಹೊಲಿಗೆಯ ಖಾನೆಗಳು. ಒಂದು ಅಂತಸ್ತಿನ ಎತ್ತರದಲ್ಲಿ ಅಡ್ಡ ಹಲಗೆ ಹಾಕಿ ಎರಡು ಮಾಡಿದ್ದರು, ಹೆಚ್ಚು ಯಂತ್ರ ಹಿಡಿಸಲೆಂದು. ಚಾವಣಿಯ ಎತ್ತರ ಒಂದೂವರೆ ಮೀಟರ್ ಆಸುಪಾಸು. ಬೆಳೆದವರು ಅಲ್ಲಿ ನೆಟ್ಟಗೆ ನಿಲ್ಲುವಂತಿಲ್ಲ. ಗಾಳಿ ಇಲ್ಲ, ಬಟ್ಟೆಯ ಧೂಳು ಉಂಟು. ದಿನಕ್ಕೆ ಹದಿನಾಲ್ಕು ಗಂಟೆ, ಗಿರಾಕಿ ಹೆಚ್ಚಿದ ದಿನಗಳಲ್ಲಿ ಇನ್ನೂ ಹೆಚ್ಚು ದುಡಿಯುತ್ತಿದ್ದವರು ಹೆಣ್ಣುಮಕ್ಕಳು. ಹೆಲ್ಪರ್ ಹುಡುಗಿಯರಲ್ಲಿ ಹದಿಮೂರು ಹದಿನಾಲ್ಕರ ವಯಸ್ಸಿನವರೂ ಇದ್ದರು. ಅದೇ ಖಾನೆಗಳಲ್ಲಿ ಕಟಿಂಗ್ ಕೆಲಸ ಮಾಡುತ್ತಿದ್ದವನು ಜೊನ್ ತೇ-ಇಲ್. ಹಸಿದ ಹುಡುಗಿಯರಿಗೆ ತನ್ನ ಬಸ್ಸಿನ ದುಡ್ಡಲ್ಲಿ ತಿಂಡಿ ಕೊಡಿಸಿ, ತಾನು ಊರಾಚೆಯ ಮನೆಗೆ ನಡೆದು ಹೋಗುತ್ತಿದ್ದ.

ಅವನ ಕೈಗೆ ಕಾರ್ಮಿಕ ಕಾಯ್ದೆಯ ಪುಸ್ತಕ ಸಿಕ್ಕಿತು. ದೇಶದಲ್ಲಿ ಇಂಥದೊಂದು ಕಾನೂನು ಇದೆ ಎಂಬುದೇ ಆ ಖಾನೆಗಳಲ್ಲಿ ಯಾರಿಗೂ ತಿಳಿದಿರಲಿಲ್ಲ. ಪುಸ್ತಕದ ತುಂಬ ಕಷ್ಟದ ಚೀನೀ ಲಿಪಿ. ಹೆಚ್ಚು ಓದಲಾಗದ ಹುಡುಗ, ಕಾಲೇಜಿನಲ್ಲಿ ಓದುವ ಒಬ್ಬ ಗೆಳೆಯನಾದರೂ ಇದ್ದಿದ್ದರೆ ಎಂದು ಹಂಬಲಿಸಿದ. ಆಮೇಲೆ ಅವನು ಮಾಡಿದ್ದು ಲೆಕ್ಕ ತೆಗೆಯುವ ಕೆಲಸವನ್ನೇ. ಪ್ರಶ್ನೆಗಳ ಹಾಳೆ ಅಚ್ಚು ಹಾಕಿಸಿ ಸಂಗಡಿಗರಿಗೆ ಹಂಚಿದ: ದಿನಕ್ಕೆ ಎಷ್ಟು ಗಂಟೆ ಕೆಲಸ, ತಿಂಗಳಿಗೆ ಎಷ್ಟು ರಜೆ, ಕಣ್ಣು ಹೇಗಿದೆ, ಎದೆ ಹೇಗಿದೆ. ತುಂಬಿ ಬಂದ ಹಾಳೆಗಳನ್ನು ಹಿಡಿದು ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿದ. ಪತ್ರಿಕೆಯಲ್ಲಿ ವರದಿ ಬಂತು, ಭರವಸೆಗಳು ಬಂದವು, ಮತ್ತೇನೂ ಆಗಲಿಲ್ಲ. 1970ರ ನವೆಂಬರ್ 13ರಂದು ಮಾರುಕಟ್ಟೆಯ ಮುಂದೆ, ಬಳಕೆಗೆ ಬಾರದ ಆ ಕಾಯ್ದೆಯ ಪುಸ್ತಕವನ್ನು ಸುಡುವುದೆಂದು ಗೆಳೆಯರೆಲ್ಲ ತೀರ್ಮಾನಿಸಿದ್ದರು. ಪೊಲೀಸರು ತಡೆದರು. ಅವನು ತನ್ನ ಮೈಗೇ ಬೆಂಕಿ ಹಚ್ಚಿಕೊಂಡು, ನಾವು ಯಂತ್ರಗಳಲ್ಲ, ಕಾರ್ಮಿಕ ಕಾಯ್ದೆಯನ್ನು ಪಾಲಿಸಿ ಎಂದು ಕೂಗುತ್ತ ಓಡಿದ. ಆಗ ಅವನಿಗೆ ಇಪ್ಪತ್ತೆರಡು. ತಾಯಿ ಲೀ ಸೋ-ಸನ್ ಮಗನ ಕೆಲಸವನ್ನು ಕೈಗೆತ್ತಿಕೊಂಡರು. 2011ರಲ್ಲಿ ತೀರಿಕೊಳ್ಳುವವರೆಗೂ ಕಾರ್ಮಿಕರ ತಾಯಿಯಾಗಿಯೇ ಉಳಿದರು.

ಚೋ ಯಂಗ್-ರೇ ಎಂಬ ವಕೀಲರು ಪೊಲೀಸರಿಂದ ತಲೆಮರೆಸಿಕೊಂಡಿದ್ದ ದಿನಗಳಲ್ಲಿ ಈ ಹುಡುಗನ ಜೀವನ ಚರಿತ್ರೆ ಬರೆದರು. 1983ರಲ್ಲಿ ಪುಸ್ತಕ ಅಚ್ಚಾದಾಗ ಅದರ ಮೇಲೆ ಅವರ ಹೆಸರಿರಲಿಲ್ಲ. ಪಾರ್ಕ್ ಕ್ವಾಂಗ್-ಸು 1995ರಲ್ಲಿ ತೆಗೆದ ‘ಎ ಸಿಂಗಲ್ ಸ್ಪಾರ್ಕ್’ ಈ ಎರಡು ಕಥೆಗಳನ್ನೂ ಹೆಣೆದಿದೆ. ತಲೆಮರೆಸಿಕೊಂಡು ಬರೆಯುತ್ತಿರುವ ಓದಿದವನ ಕಥೆ ಬಣ್ಣದಲ್ಲಿ, ಅವನು ಬರೆಯುತ್ತಿರುವ ಹುಡುಗನ ಕಥೆ ಕಪ್ಪು-ಬಿಳುಪಿನಲ್ಲಿ. ಚಿತ್ರಕಥೆಯಲ್ಲಿ, ಮುಂದೆ ದೊಡ್ಡ ನಿರ್ದೇಶಕರಾಗಿ ಬೆಳೆದ ಲೀ ಚಾಂಗ್-ಡಾಂಗ್ ಅವರ ಕೈಯೂ ಇದೆ. ತೇ-ಇಲ್‌ನಿಗೆ ಬದುಕಿರುವಾಗ ಸಿಗದ ಕಾಲೇಜಿನ ಗೆಳೆಯ, ಸತ್ತ ಐದು ವರ್ಷಗಳ ಮೇಲೆ ಅವನ ಹೆಜ್ಜೆ ಹುಡುಕಿಕೊಂಡು ಅದೇ ಬೀದಿಗಳಲ್ಲಿ ಅಲೆಯುತ್ತಾನೆ. ಓದಿದವರು ದುಡಿಯುವವರ ಬಳಿ ಬಂದು ಮುಟ್ಟುವುದು ಎಷ್ಟು ತಡವಾಗಿ ಎಂಬ ನೋವು ಇಡೀ ಚಿತ್ರದಲ್ಲಿ ಹರಿದಿದೆ. ಈ ಚಿತ್ರಕ್ಕೆ ಏಳು ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನ ದುಡ್ಡು ಕೊಟ್ಟರು, ಕೊನೆಯಲ್ಲಿ ಅವರ ಹೆಸರುಗಳು ಪರದೆಯ ಮೇಲೆ ಸಾಲಾಗಿ ಏರುತ್ತ ಹೋಗುತ್ತವೆ. ಎದ್ದು ಹೋಗದೆ ಕೂತು ಆ ಹೆಸರುಗಳನ್ನು ನೋಡಬೇಕು. ಅದು ಚಿತ್ರದ ಭಾಗವೇ.

ಇದಕ್ಕೆ ಐದು ವರ್ಷ ಮೊದಲು ಜಾಂಗ್‌ಸಾನ್‌ಗೊಟ್ಮೆ ಎಂಬ ಯುವಕರ ತಂಡ ಹದಿನಾರು ಎಂಎಂನಲ್ಲಿ ‘ದ ನೈಟ್ ಬಿಫೋರ್ ದ ಸ್ಟ್ರೈಕ್’ ತೆಗೆದಿತ್ತು. ಇಂಚನ್‌ನ ನಿಜವಾದ ಕಾರ್ಖಾನೆಯೊಳಗೆ ಚಿತ್ರೀಕರಣ. ಯೂನಿಯನ್ ಕಟ್ಟುವುದೇ ಕಥೆ. ಸರ್ಕಾರ ನಿಷೇಧಿಸಿತು. ಕಾಲೇಜುಗಳಲ್ಲಿ, ಕಾರ್ಖಾನೆಗಳಲ್ಲಿ ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ತೋರಿಸಿದರು. ಗ್ವಾಂಗ್ಜು ಊರಿನ ವಿಶ್ವವಿದ್ಯಾಲಯದಲ್ಲಿ ಒಂದು ಪ್ರದರ್ಶನ ನಿಲ್ಲಿಸಲು ಪೊಲೀಸರ ದಂಡಿನ ಜತೆ ಹೆಲಿಕಾಪ್ಟರ್ ಕೂಡ ಬಂತು. ಇದೇ ತಂಡದ ಇನ್ನೊಂದು ಚಿತ್ರದ ಮೇಲೆ ಹೂಡಿದ ಮೊಕದ್ದಮೆ ದೇಶದ ಸಂವಿಧಾನ ನ್ಯಾಯಾಲಯದವರೆಗೆ ಹೋಗಿ, ಬಿಡುಗಡೆಗೆ ಮೊದಲೇ ಸಿನಿಮಾ ಕತ್ತರಿಸುವ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು 1996ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಇಂದು ಜಗತ್ತು ಕೊಂಡಾಡುವ ಕೊರಿಯನ್ ಸಿನಿಮಾದ ಸ್ವಾತಂತ್ರ್ಯದ ಹಿಂದೆ ಈ ಬಡ ಚಿತ್ರಗಳ ಹೋರಾಟವಿದೆ. ಮುಷ್ಕರದ ಆ ಚಿತ್ರ ಅಲ್ಲಿನ ಚಿತ್ರಮಂದಿರಗಳಲ್ಲಿ ಸರಿಯಾಗಿ ಬಿಡುಗಡೆಯಾದದ್ದು 2019ರಲ್ಲಿ.

ಎರಡು ರೂಪಾಯಿಯ ನಿರ್ಮಾಪಕರು

ಜನ ದುಡ್ಡು ಹಾಕಿ ಸಿನಿಮಾ ಮಾಡಿಸಿದ್ದರಲ್ಲಿ ನಾವು ಕೊರಿಯನ್ನರಿಗಿಂತ ಹಿರಿಯರು. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. ಹತ್ತು ಲಕ್ಷ ಸೇರಿತು, ಶ್ಯಾಮ್ ಬೆನಗಲ್ ಚಿತ್ರ ಮಾಡಿದರು. ಹಳ್ಳಿಗೆ ಬರುವ ಪಶುವೈದ್ಯ ಡಾ. ರಾವ್ ಪಾತ್ರದಲ್ಲಿ ನಮ್ಮ ಗಿರೀಶ ಕಾರ್ನಾಡರು, ಜತೆಗೆ ಅನಂತನಾಗ್. ಹಾಲಿನ ಕ್ರಾಂತಿಯ ಪ್ರಚಾರ ಚಿತ್ರವಾಗಿ ಮುಗಿದುಹೋಗಬಹುದಾಗಿದ್ದ ಇದನ್ನು ಇಂದಿಗೂ ಜೀವಂತವಾಗಿಟ್ಟಿರುವುದು, ಹಾಲು ಅಳೆಯುವ ಕಡೆಯೂ ಜಾತಿ ಬಂದು ನಿಲ್ಲುತ್ತದೆ ಎಂಬ ಅದರ ಪ್ರಾಮಾಣಿಕತೆ. ದಲಿತ ಕೇರಿಯ ಭೋಲಾ ಪಟ್ಟಣದ ಸಾಹೇಬರನ್ನು ನಂಬುವುದಿಲ್ಲ. ನಂಬದಿರಲು ಅವನಿಗೆ ಕಾರಣಗಳಿವೆ, ಚಿತ್ರ ಆ ಕಾರಣಗಳನ್ನು ಮುಚ್ಚಿಡುವುದಿಲ್ಲ. ಸಹಕಾರ ಸಂಘದ ಚುನಾವಣೆಯಲ್ಲಿ ಸರಪಂಚ ಸೋತಾಗ ಆಗುವ ಕೋಲಾಹಲವನ್ನೂ ಮುಚ್ಚಿಡುವುದಿಲ್ಲ. ಡಾ. ರಾವ್ ಊರು ಬಿಟ್ಟು ಹೋಗಬೇಕಾಗುತ್ತದೆ, ಸಂಘವನ್ನು ಉಳಿಸಿಕೊಳ್ಳುವ ಹೊಣೆ ಭೋಲಾನ ಮೇಲೆ ಬೀಳುತ್ತದೆ. ತಮ್ಮ ದುಡ್ಡಿನ ಸಿನಿಮಾ ನೋಡಲು ರೈತರು ಹಳ್ಳಿಗಳಿಂದ ಗುಂಪು ಗುಂಪಾಗಿ ಬಂದರು. ಹೊಸದಾಗಿ ಜೀರ್ಣೋದ್ಧಾರಗೊಂಡ ಅದರ ಪ್ರತಿ 2024ರಲ್ಲಿ ಕಾನ್‌ನಲ್ಲಿ ಪ್ರದರ್ಶನಗೊಂಡಿತು.

ಹತ್ತು ವರ್ಷದ ನಂತರ ಕೇರಳದ ಜಾನ್ ಅಬ್ರಹಾಂ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಬಳ್ಳಾರಿಯ ಎಲ್‌ಐಸಿಯಲ್ಲಿ ಕೆಲಸ ಮಾಡಿಕೊಂಡಿದ್ದ ಮನುಷ್ಯ, ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ ಋತ್ವಿಕ್ ಘಟಕರ ಶಿಷ್ಯರಾದವರು. 1984ರಲ್ಲಿ ಗೆಳೆಯರೊಂದಿಗೆ ಒಡೆಸ್ಸಾ ಎಂಬ ತಂಡ ಕಟ್ಟಿದರು. ಊರೂರು ತಿರುಗಿ, ಚಾಪ್ಲಿನ್ನರ ‘ದ ಕಿಡ್’ ತೋರಿಸಿ, ಜನರ ಮುಂದೆ ಸೆರಗೊಡ್ಡಿದರು. ಹಾಗೆ ಕೂಡಿದ ಚಿಲ್ಲರೆಯಲ್ಲಿ 1986ರಲ್ಲಿ ‘ಅಮ್ಮ ಅರಿಯಾನ್’ ಆಯಿತು. ಆತ್ಮಹತ್ಯೆ ಮಾಡಿಕೊಂಡ ಯುವಕನೊಬ್ಬನ ಸಾವಿನ ಸುದ್ದಿಯನ್ನು ಅವನ ತಾಯಿಗೆ ಮುಟ್ಟಿಸಲು ಗೆಳೆಯರು ವಯನಾಡಿನಿಂದ ಕೊಚ್ಚಿಯವರೆಗೆ ಸಾಗುತ್ತಾರೆ. ದಾರಿಯುದ್ದಕ್ಕೂ ಒಬ್ಬೊಬ್ಬರೇ ಸೇರಿಕೊಂಡು ಗುಂಪು ದೊಡ್ಡದಾಗುತ್ತದೆ, ಪ್ರತಿ ಮನೆಯಲ್ಲಿ ಒಬ್ಬ ತಾಯಿ ಬಾಗಿಲಿಗೆ ಬರುತ್ತಾಳೆ. ಚಿತ್ರಮಂದಿರದ ವ್ಯಾಪಾರಕ್ಕೆ ಬೀಳದೆ, ದುಡ್ಡು ಕೊಟ್ಟ ಊರುಗಳಿಗೇ ಚಿತ್ರ ಹೊತ್ತುಕೊಂಡು ಹೋದರು. ಮರುವರ್ಷವೇ ಜಾನ್ ಕೋಯಿಕ್ಕೋಡಿನಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ತೀರಿಕೊಂಡರು. ಕೊಟ್ಟವರಿಗೆ ಮೊದಲು ತೋರಿಸಬೇಕು ಎಂಬ ಅವರ ನಿಲುವು ನನಗೆ ಅವರ ಚಿತ್ರದಷ್ಟೇ ಮುಖ್ಯವಾಗಿ ಕಾಣುತ್ತದೆ.

ನೋಡುವ ಬಗೆ

ದುಡ್ಡು ಎಷ್ಟೇ ಶುದ್ಧವಾಗಿರಲಿ, ಕ್ಯಾಮೆರಾ ಇನ್ನೊಬ್ಬರ ನೋವಿನ ಮುಂದೆ ನಿಂತಾಗ ಒಂದು ಅಪಾಯವಿದೆ. ಬಡವರ ಮುಖದ ಮೇಲೆ ನಿಧಾನವಾಗಿ ಚಲಿಸುವ ಕ್ಯಾಮೆರಾ, ಹಿಂದೆ ವಯೊಲಿನ್, ಸಂಜೆಯ ಬೆಳಕಿನಲ್ಲಿ ಹೊಳೆಯುವ ಗುಡಿಸಲು: ಇಂಥ ಚಿತ್ರಗಳೂ ಚಿತ್ರೋತ್ಸವಗಳಲ್ಲಿ ಸುತ್ತುತ್ತವೆ, ಬಹುಮಾನ ಪಡೆಯುತ್ತವೆ. ನನಗೆ ಅವುಗಳ ಮೇಲೆ ಸಿಟ್ಟಿದೆ. ಅವುಗಳಲ್ಲಿ ಬಡತನ ಮಳೆ ಬಂದ ಹಾಗೆ ತಾನಾಗಿ ಬಂದಿರುತ್ತದೆ. ಯಾರೂ ಕಿತ್ತುಕೊಂಡಿರುವುದಿಲ್ಲ, ಯಾರೂ ಹೊಣೆಯಲ್ಲ.

ಇದಕ್ಕೆ ಉತ್ತರವಾಗಿ ಇರಾನಿನ ಕವಯಿತ್ರಿ ಫರೂಗ್ ಫರ‍್ರೊಖ್‌ಜಾದ್ 1962ರಲ್ಲಿ ತೆಗೆದ ‘ದ ಹೌಸ್ ಈಸ್ ಬ್ಲ್ಯಾಕ್’ ಅನ್ನು ತೋರಿಸಬೇಕೆನಿಸುತ್ತದೆ. ತಬ್ರೀಜ್ ಬಳಿಯ ಕುಷ್ಠರೋಗಿಗಳ ವಸತಿಯಲ್ಲಿ ತೆಗೆದ, ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ. ರೋಗ ತಿಂದ ಮುಖಗಳನ್ನು ಅದು ಮರೆಮಾಡುವುದಿಲ್ಲ. ಆದರೆ ಆ ಮುಖಗಳಿರುವ ಜನ ಏನು ಮಾಡುತ್ತಿದ್ದಾರೆ ಎಂದು ತೋರಿಸುತ್ತದೆ: ತಲೆ ಬಾಚಿಕೊಳ್ಳುತ್ತಾರೆ, ಮಗುವಿಗೆ ಹಾಲೂಡಿಸುತ್ತಾರೆ, ಚೆಂಡಾಡುತ್ತಾರೆ, ಮದುವೆಯಲ್ಲಿ ಕುಣಿಯುತ್ತಾರೆ. ತರಗತಿಯಲ್ಲಿ ಮೇಷ್ಟ್ರು ನಾಲ್ಕು ಸುಂದರ ವಸ್ತುಗಳ ಹೆಸರು ಹೇಳು ಎಂದರೆ ಹುಡುಗ ಚಂದ್ರ, ಸೂರ್ಯ, ಹೂವು, ಆಟ ಎನ್ನುತ್ತಾನೆ. ಕುರೂಪವಾದವು ಯಾವುವು ಎಂದು ಇನ್ನೊಬ್ಬನನ್ನು ಕೇಳಿದರೆ ಕೈ, ಕಾಲು, ತಲೆ ಎಂಬ ಉತ್ತರ ಬರುತ್ತದೆ, ಇಡೀ ತರಗತಿ ನಗುತ್ತದೆ. ಈ ಮಕ್ಕಳಿಗೆ ತಮ್ಮ ಸ್ಥಿತಿ ನಮಗಿಂತ ಚೆನ್ನಾಗಿ ಗೊತ್ತು. ಇದು ವಾಸಿಯಾಗದ ರೋಗವಲ್ಲ, ಆರೈಕೆ ಸಿಕ್ಕರೆ ಗುಣವಾಗುತ್ತದೆ ಎಂದು ಚಿತ್ರ ನೇರವಾಗಿ ಹೇಳುತ್ತದೆ. ಎಂದರೆ ಗೋಡೆ ಕಟ್ಟಿ ದೂರ ಇಟ್ಟದ್ದು ರೋಗವಲ್ಲ, ಸಮಾಜ. ಚಿತ್ರೀಕರಣ ಮುಗಿದ ಮೇಲೆ ಫರೂಗ್ ಅಲ್ಲಿನ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡರು.

ನೋವಿನೊಳಗಿಂದಲೇ ಬಂದವರು ಕ್ಯಾಮೆರಾ ಹಿಡಿದಾಗ ಆಗುವುದು ಬೇರೆಯೇ. ಸೊಲ್ಲಾಪುರ ಜಿಲ್ಲೆಯ ಜೇವೂರಿನ ನಾಗರಾಜ ಮಂಜುಳೆ ‘ಫ್ಯಾಂಡ್ರಿ’ ಮಾಡಿದ್ದು 2013ರಲ್ಲಿ. ಕೈಕಾಡಿ ಸಮುದಾಯದ ಹುಡುಗ ಜಬ್ಯಾ. ಅಕ್ಕನ ಮದುವೆಗೆ ದುಡ್ಡು ಬೇಕು, ಅಪ್ಪ ಊರ ಹಂದಿ ಹಿಡಿಯುವ ಕೆಲಸ ಒಪ್ಪಿಕೊಂಡಿದ್ದಾನೆ, ಮನೆಮಂದಿಯೆಲ್ಲ ಇಳಿಯಬೇಕು. ಹಂದಿ ಓಡುವುದು ಶಾಲೆಯ ಹಿಂದೆಯೇ. ತಾನು ಮನಸ್ಸು ಕೊಟ್ಟ ಹುಡುಗಿ, ಸಹಪಾಠಿಗಳು, ಊರವರು ಎಲ್ಲ ಸುತ್ತ ನಿಂತು ನಗುತ್ತಿದ್ದಾರೆ. ಇನ್ನೇನು ಹಂದಿ ಸಿಕ್ಕಿತು ಎನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಜಬ್ಯಾ ಅಲ್ಲಾಡದೆ ನಿಲ್ಲುತ್ತಾನೆ, ಅವನನ್ನು ನೋಡಿ ಅಪ್ಪನೂ ನಿಲ್ಲುತ್ತಾನೆ. ಹಂದಿ ಅವರ ಮುಂದೆಯೇ ಹಾದು ಹೋಗುತ್ತದೆ. ಕೊನೆಗೂ ಹಿಡಿದ ಹಂದಿಯನ್ನು ಕೋಲಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ಸಾಗುವಾಗ ಹಿಂದಿನ ಗೋಡೆಯ ಮೇಲೆ ಅಂಬೇಡ್ಕರ್, ಫುಲೆ ದಂಪತಿಯ ಚಿತ್ರಗಳಿವೆ. ಕೊನೆಯಲ್ಲಿ ಜಬ್ಯಾ ಬೀಸಿದ ಕಲ್ಲು ಹಾರಿ ಬರುವುದು ನೇರ ನಮ್ಮ ಕಡೆಗೆ. ಹೊರಗಿನವರು ಮಾಡಿದ್ದರೆ ಆ ಕಲ್ಲು ಊರಿನ ಪುಂಡರ ಮೇಲೆ ಬಿದ್ದು ಮುಗಿಯುತ್ತಿತ್ತೇನೊ. ನೋಡುತ್ತ ನಿಂತವರಲ್ಲಿ ನಾವೂ ಇದ್ದೇವೆ ಎಂದು ಮಂಜುಳೆಯವರಿಗೆ ಗೊತ್ತಿತ್ತು.

ಅವರ ‘ಸೈರಾಟ್’ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೂ ಬಂತು. ಪ್ರೇಮಕಥೆಗೆ ಸಿಕ್ಕ ಈ ಬಾಗಿಲು ‘ಫ್ಯಾಂಡ್ರಿ’ಗೂ ತೆರೆಯಬೇಕಿತ್ತು. ನಮ್ಮ ಗಡಿಯಾಚೆಯ ಪಕ್ಕದ ಜಿಲ್ಲೆಯಿಂದ ಬಂದ ಚಿತ್ರ ಅದು.

ಚೋಮನ ಸಾಲದಿಂದ ದುರ್ಗ್ಯಾನ ದಾರಿಗೆ

ಕನ್ನಡದಲ್ಲಿ ಈ ಲೆಕ್ಕವನ್ನು ಬರೆದಿಟ್ಟವರು ಶಿವರಾಮ ಕಾರಂತರು. ಅವರ ಕಾದಂಬರಿಯಿಂದ ಬಿ.ವಿ. ಕಾರಂತರು ತೆಗೆದ ‘ಚೋಮನ ದುಡಿ’ (1975) ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು, ಚೋಮನಾಗಿ ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಎಲ್ಲರೂ ನೆನಪಿಟ್ಟುಕೊಂಡದ್ದು ದುಡಿಯ ಸದ್ದನ್ನು. ಕಥೆಯನ್ನು ನಡೆಸುವುದು ಮಾತ್ರ ಕಾಫಿ ತೋಟದ ಸಾಲ. ಮಕ್ಕಳು ಒಬ್ಬರ ಹಿಂದೆ ಒಬ್ಬರು ಘಟ್ಟ ಹತ್ತಿ ದುಡಿದರೂ ಸಾಲ ಕರಗುವುದಿಲ್ಲ. ಕೊನೆಗೆ ಅದು ತೀರುವುದು ಮಗಳು ಬೆಳ್ಳಿಯ ಮೈಯ ಬೆಲೆಗೆ, ತೋಟದ ರೈಟರ್ ಮನ್ವೇಲನ ಪುಸ್ತಕದಲ್ಲಿ. ಎರಡು ಎತ್ತು ಸಾಕಿಕೊಂಡು, ತುಂಡು ನೆಲ ಗೇಯುವ ಆಸೆ ಇಟ್ಟುಕೊಂಡ ಅಪ್ಪನಿಗೆ ಆ ಚುಕ್ತಾದ ಅರ್ಥ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಇತ್ತೀಚಿನ ಚಿತ್ರಗಳಲ್ಲಿ ಉತ್ಸವ್ ಗೋನವಾರ್ ಅವರ ‘ಫೋಟೋ’ ಇದೇ ಸಾಲಿಗೆ ಸೇರುತ್ತದೆ. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ರಾಯಚೂರು ಕಡೆಯ ಹುಡುಗ ದುರ್ಗ್ಯಾ ಬೆಂಗಳೂರಿಗೆ, ಕೂಲಿ ಮಾಡುವ ಅಪ್ಪನ ಬಳಿಗೆ ಬರುತ್ತಾನೆ. ಲಾಕ್‌ಡೌನ್ ಬೀಳುತ್ತದೆ. ಬಸ್ಸಿಲ್ಲ, ಕೂಲಿಯಿಲ್ಲ, ಅಪ್ಪ ಮಗ ಊರಿಗೆ ನಡೆಯತೊಡಗುತ್ತಾರೆ. ಬೆಂಗಳೂರಿನಿಂದ ರಾಯಚೂರಿಗೆ ನಾನೂರು ಕಿಲೋಮೀಟರ್ ಆಸುಪಾಸು. ರೈಲಿನಲ್ಲಿ ಒಂದು ರಾತ್ರಿಯ ನಿದ್ದೆಯಷ್ಟಿರುವ ಆ ದಾರಿ ಒಂದು ಮಗುವಿನ ಪಾದಕ್ಕೆ ಎಷ್ಟಾಯಿತು ಎಂದು ತೋರಿಸುವುದಕ್ಕಾಗಿ ನಿರ್ದೇಶಕರು ನಮ್ಮನ್ನು ಜತೆಗೆ ನಡೆಸುತ್ತಾರೆ. ಆ ನಡಿಗೆಯನ್ನು ಟಿವಿಯಲ್ಲಿ ನೋಡಿ ನಾವೆಲ್ಲ ಮರೆತೇಬಿಟ್ಟಿದ್ದೆವು. ಮರೆಯಲು ಬಿಡದಿರುವ ಕೆಲಸವನ್ನು ಒಂದು ಸಣ್ಣ ತಂಡ ಮಾಡಿದೆ.

ಯಾರಿಗೆ ತೋರಿಸುವುದು?

ಇಂಥ ಚಿತ್ರಗಳು ಎಷ್ಟೋ ಸಲ ತಮ್ಮ ಊರಿನಲ್ಲೇ ಕಾಣಸಿಗುವುದಿಲ್ಲ. ಟೆಹರಾನಿನ ಪಿಜ್ಜಾ ಡೆಲಿವರಿಯವನೊಬ್ಬನ ಅವಮಾನದ ಕಥೆಯಾದ ಜಾಫರ್ ಪನಾಹಿಯವರ ‘ಕ್ರಿಮ್ಸನ್ ಗೋಲ್ಡ್’ (2003) ಇರಾನಿನಲ್ಲಿ ಬಿಡುಗಡೆಯಾಗಲಿಲ್ಲ. 2010ರಲ್ಲಿ ಪನಾಹಿಯವರಿಗೆ ಆರು ವರ್ಷ ಜೈಲು, ಇಪ್ಪತ್ತು ವರ್ಷ ಸಿನಿಮಾ ಮಾಡದಂತೆ ನಿರ್ಬಂಧ. ಅವರು ಮನೆಯೊಳಗೆ, ಕಾರಿನೊಳಗೆ, ಅನುಮತಿ ಕೇಳದೆ ಮಾಡುತ್ತಲೇ ಹೋದರು. 2025ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಪಡೆದ ‘ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್’ ಕೂಡ ಹಾಗೆ ಗುಟ್ಟಾಗಿ ತೆಗೆದದ್ದು. ನಮ್ಮಲ್ಲಿ ಸಂಧ್ಯಾ ಸೂರಿಯವರ ‘ಸಂತೋಷ್’, ದಲಿತ ಹುಡುಗಿಯ ಕೊಲೆಯ ತನಿಖೆಯಲ್ಲಿ ತೊಡಗಿದ ಮಹಿಳಾ ಕಾನ್‌ಸ್ಟೆಬಲ್‌ಳ ಕಥೆ, 2025ರಲ್ಲಿ ಸೆನ್ಸಾರ್ ಒಪ್ಪಿಗೆ ಸಿಗದೆ ಚಿತ್ರಮಂದಿರದ ಮುಖ ಕಾಣಲಿಲ್ಲ. ಕನ್ನಡದ ‘ಸಂಸ್ಕಾರ’ವನ್ನೂ 1970ರಲ್ಲಿ ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆದೇ ಇತ್ತು; ಮೇಲ್ಮನವಿಯ ಬಳಿಕ ಬಿಡುಗಡೆಯಾಗಿ ಅದು ರಾಷ್ಟ್ರಪ್ರಶಸ್ತಿ ತಂದಿತು.

ನಿಷೇಧ ಒಂದು ಬಗೆಯ ಬಾಗಿಲಾದರೆ ಟಿಕೆಟ್ಟಿನ ದರ, ವಾರದ ದಿನದ ಪ್ರದರ್ಶನ, ಭಾಷೆ ಇವೂ ಬಾಗಿಲುಗಳೇ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಏಷ್ಯಾದ ಚಿತ್ರಗಳಿಗೆಂದೇ ಸ್ಪರ್ಧಾ ವಿಭಾಗವಿದೆ, ಇಂಥ ಎಷ್ಟೋ ಚಿತ್ರಗಳನ್ನು ನಮ್ಮ ಊರಿಗೆ ತಂದದ್ದು ಅದೇ. ಆದರೆ ಅವು ಓಡುವುದು ಮಾಲ್‌ನ ಪರದೆಗಳಲ್ಲಿ, ಕೆಳಗೆ ಬರುವುದು ಇಂಗ್ಲಿಷ್ ಸಾಲುಗಳು. ಪೀಣ್ಯದ, ಬೊಮ್ಮನಹಳ್ಳಿಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಟಾರ್ಗೆಟ್ ಮುಗಿಸಿ ಸಂಜೆ ಮನೆ ಸೇರುವ ಹೆಣ್ಣುಮಗಳಿಗೆ ಆ ಪರದೆ ಎಷ್ಟು ದೂರ?

ಇದೇ ಹೆಣ್ಣುಮಕ್ಕಳು 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಾಯಿತೆಂದು ಕೇಳಿ ಹೊಲಿಗೆ ಯಂತ್ರ ನಿಲ್ಲಿಸಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕರೂ ಕರೆದಿರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು. ತಾವು ಕೂಡಿಟ್ಟ ದುಡ್ಡು ಬೇಕಾದಾಗ ತಮಗೆ ಸಿಗಬೇಕು, ಐವತ್ತೆಂಟು ತುಂಬುವವರೆಗೆ ಕಾಯಲು ಆಗುವುದಿಲ್ಲ ಎಂಬುದೇ ಅವರ ಮಾತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ತೇ-ಇಲ್‌ನ ಸಂಗಡಿಗರು ಕೇಳಿದ್ದು ಕಾಯ್ದೆಯ ಪುಸ್ತಕದಲ್ಲಿ ಬರೆದಿಟ್ಟದ್ದನ್ನು, ಇವರು ಕೇಳಿದ್ದು ಸಂಬಳದಲ್ಲಿ ಹಿಡಿದಿಟ್ಟದ್ದನ್ನು. ಆ ಎರಡು ದಿನಗಳ ಮೇಲೆ ಮಾಡಿದ ಕಥಾಚಿತ್ರವೊಂದನ್ನು ನಾನು ಇನ್ನೂ ನೋಡಿಲ್ಲ. ಮಾಡುವವರು ಇಂದಲ್ಲ ನಾಳೆ ಬಂದಾರು, ಆ ಹೆಣ್ಣುಮಕ್ಕಳ ಮನೆಗಳಿಂದಲೇ ಬಂದರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ ಆಗಬಹುದಾದ ಕೆಲಸ ಒಂದಿದೆ. ‘ಎ ಸಿಂಗಲ್ ಸ್ಪಾರ್ಕ್’ ಚಿತ್ರಕ್ಕೆ ಕನ್ನಡದ ಸಾಲುಗಳನ್ನು ಬರೆಸುವುದು, ಹಕ್ಕುಸ್ವಾಮ್ಯ ಇರುವವರಿಂದ ಅನುಮತಿ ಪಡೆಯುವುದು, ಒಂದು ಭಾನುವಾರ ಪೀಣ್ಯದ ಸಮುದಾಯ ಭವನದಲ್ಲೋ ಶಾಲೆಯ ಅಂಗಳದಲ್ಲೋ ಪ್ರೊಜೆಕ್ಟರ್ ಇಡುವುದು. ಚಲನಚಿತ್ರ ಅಕಾಡೆಮಿಗೆ ಇದು ಭಾರದ ಖರ್ಚಲ್ಲ, ಫಿಲ್ಮ್ ಸೊಸೈಟಿಗಳಿಗೆ ಇದು ಹೊಸ ಕೆಲಸವೂ ಅಲ್ಲ. ಗಂಟೆಗಟ್ಟಲೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿದವರು ಆ ಅಟ್ಟವನ್ನು ನೋಡಿ ಏನು ಹೇಳುತ್ತಾರೆ ಎಂದು ತಿಳಿಯುವ ಆಸೆ ನನಗಿದೆ. ಅನುವಾದಕ್ಕೆ ಕೈಜೋಡಿಸಲು ನಾನು ತಯಾರಿದ್ದೇನೆ.